ಬಿಳಿ ತಟ್ಟೆ ಕಾಣುವವರೆಗೆ

ಪರದೇಶದ ಸಂಸ್ಥೆಗಳಿಂದ ನಮಗೆ ಬರುವ ಪತ್ರಗಳಿಗೆ ಮೇಷ್ಟ್ರು ಪ್ರೇಮಪತ್ರ ಎಂದು ಹೆಸರಿಟ್ಟಿದ್ದರು. ಎಲ್ಲವೂ ಒಂದೇ ತರಹ. ನಿಮ್ಮ ಕೆಲಸ ನಮ್ಮ ಮನಸ್ಸಿಗೆ ಬಹಳ ಹಿಡಿಸಿತು, ಆದರೆ ಈ ವರ್ಷ ಸಾಧ್ಯವಿಲ್ಲ.

"ಬಂತೇನಮ್ಮ ಇವತ್ತು?" ಎಂದು ಮೆಟ್ಟಿಲು ಹತ್ತುತ್ತಲೇ ಕೇಳುತ್ತಿದ್ದರು.

"ಒಂದು ಬಂತು ಮೇಷ್ಟ್ರೇ."

"ಹೊಗಳಿ ಹೊರಗೆ ಹಾಕಿದ್ದಾರೆ ತಾನೆ?"

"ಹೌದು."

ನಮ್ಮ ಕಚೇರಿ ಎಂದರೆ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ. ಮೇಷ್ಟ್ರು ನಿವೃತ್ತ ವಿಜ್ಞಾನ ಶಿಕ್ಷಕರು, ಕೆರೆ ಸಂಘದ ಅಧ್ಯಕ್ಷರು. ನಾನು ಓದಿದ್ದು ಸಂಖ್ಯಾಶಾಸ್ತ್ರ. ಪರಿಸರದ ಕೆಲಸಕ್ಕೆ ಯಾವ ದೇಶದ ಯಾವ ಸಂಸ್ಥೆ ಅನುದಾನ ಕೊಡುತ್ತದೆ ಎಂದು ಹುಡುಕಿ, ನಿಯಮ ಓದಿ, ಅರ್ಜಿ ಬರೆಯುವುದು ನನ್ನ ಕೆಲಸ. ಮೊದಲು ಇದನ್ನು ನನ್ನ ಗಂಡ ಮಾಡುತ್ತಿದ್ದ. ಅವನು ಹೋಗಿ ಎಂಟು ತಿಂಗಳು. ಇದೇ ಮೆಟ್ಟಿಲು ಇಳಿಯುವಾಗ, ಎದೆ ಹಿಡಿದುಕೊಂಡು. ಮೂವತ್ತನಾಲ್ಕು ವರ್ಷ. ಮೂರನೇ ತಿಂಗಳಿಗೆ ಮೇಷ್ಟ್ರು ಅವನ ಮೇಜಿನ ಬೀಗದಕೈ ತಂದು ನನ್ನ ಕೈಗಿಟ್ಟರು. ಬೇಡ ಎನ್ನಲು ಕಾರಣ ಹುಡುಕುವಷ್ಟು ತ್ರಾಣ ಇರಲಿಲ್ಲ. ಬಂದು ಕೂತೆ.

ಊರಿನ ಕೊಳಚೆ ನೀರು ಕೆರೆಗೆ ಸೇರುವ ಬಾಯಲ್ಲಿ ಸಂಘದವರು ಜೊಂಡು ನೆಟ್ಟಿದ್ದಾರೆ. ಜೊಂಡಿನ ಬೇರು ನೀರನ್ನು ಸೋಸುತ್ತದೆ. ಪುರಸಭೆಯವರ ಕಣ್ಣಿಗೆ ಅದು ಬರೀ ಕಳೆ. ಬೇಸಿಗೆ ಮುಗಿಯುವುದರೊಳಗೆ ಅದರ ಪಾಲನೆಗೆ ಯಾರದಾದರೂ ಹಣದ ಬೆಂಬಲ ತೋರಿಸದಿದ್ದರೆ ಕಿತ್ತುಹಾಕಿ ಕಾಂಕ್ರೀಟ್ ಕಾಲುವೆ ಕಟ್ಟುತ್ತೇವೆ ಎಂದು ಬರೆದು ಕಳಿಸಿದ್ದರು.

ಆ ವಾರ ಒಂದು ಸಂಸ್ಥೆ ಸಿಕ್ಕಿತು. ಸಣ್ಣ ಕೆರೆಗಳಿಗೆಂದೇ ಇರುವ ಅನುದಾನ. ಅರ್ಜಿಗೆ ಇನ್ನು ಮೂರು ವಾರ. ನಿಯಮಗಳನ್ನು ಒಂದೊಂದಾಗಿ ಓದಿದೆ. ಎಲ್ಲವೂ ನಮಗೇ ಅಳತೆ ತೆಗೆದು ಹೊಲಿದ ಹಾಗಿದ್ದವು, ಕೊನೆಯದೊಂದನ್ನು ಬಿಟ್ಟು. ನೀರು ಎಷ್ಟು ತಿಳಿಯಾಗಿದೆ ಎಂಬುದರ ದಾಖಲೆ ಬೇಕು. ವಾರಕ್ಕೊಮ್ಮೆ, ಮೂವತ್ತಾರು ತಿಂಗಳು, ನಡುವೆ ಎಲ್ಲೂ ತಪ್ಪದೆ.

ನನ್ನ ಗಂಡ ಬರೆದಿಟ್ಟದ್ದು ಇತ್ತು. ಪ್ರತಿ ಸೋಮವಾರ ಬೆಳಿಗ್ಗೆ ದೋಣಿಯಲ್ಲಿ ಹೋಗಿ, ಬಿಳಿ ಬಣ್ಣ ಬಳಿದ ಊಟದ ತಟ್ಟೆಯೊಂದನ್ನು ಹಗ್ಗಕ್ಕೆ ಕಟ್ಟಿ ನೀರಿಗೆ ಇಳಿಸುತ್ತಿದ್ದ. ಹಗ್ಗದಲ್ಲಿ ಹತ್ತು ಸೆಂಟಿಮೀಟರಿಗೊಂದು ಗಂಟು. ತಟ್ಟೆ ಕಣ್ಣಿಗೆ ಮರೆಯಾಗುವಾಗ ಎಷ್ಟು ಗಂಟು ನೀರೊಳಗೆ ಹೋಗಿದೆಯೋ ಅದೇ ಆ ವಾರದ ಅಂಕಿ. ಮೊದಲ ಸೋಮವಾರ ನಾಲ್ಕು. ಕೊನೆಯ ಸೋಮವಾರ ಒಂಬತ್ತು. ಒಟ್ಟು ಇಪ್ಪತ್ತೆಂಟು ತಿಂಗಳು. ಆಮೇಲೆ ಖಾಲಿ ಹಾಳೆ.

ಮೇಷ್ಟ್ರು ಕನ್ನಡಕ ಒರೆಸುತ್ತಾ ಕಿಟಕಿಯ ಕಡೆ ನೋಡಿ ಹೇಳಿದರು, "ಎಂಟು ತಿಂಗಳು ತಾನೆ ಖಾಲಿ ಇರೋದು. ಜೊಂಡು ಇದೆ, ನೀರು ಚೆನ್ನಾಗೇ ಇದೆ. ಅಂದಾಜಿನ ಮೇಲೆ ತುಂಬಿಸಿದರೆ ಯಾರ ಗಂಟು ಹೋಗುತ್ತೆ? ನಲವತ್ತು ವರ್ಷ ಮಕ್ಕಳ ಕಾಪಿ ಹಿಡಿದವನು ನಾನು. ಈ ಮಾತು ಹೇಳೋ ಹಾಗಾಯ್ತು ನೋಡು."

ಅಂಕಿ ಹುಟ್ಟಿಸುವುದು ನನಗೆ ಚೆನ್ನಾಗಿ ಗೊತ್ತು. ಎಲ್ಲಿ ಏರಬೇಕು, ಯಾವ ವಾರ ಸುಮ್ಮನೆ ಒಂದು ಇಳಿಯಬೇಕು. ಮೂವತ್ತೈದು ಸಾಲು ಮಧ್ಯಾಹ್ನದೊಳಗೆ ಮುಗಿಯಿತು. ಯಾರೂ ಹಿಡಿಯಲಾರರು. ನನಗೆ ಏನೂ ಅನ್ನಿಸಲಿಲ್ಲ. ಏನೂ ಅನ್ನಿಸುತ್ತಿಲ್ಲವಲ್ಲ ಎಂದು ಮಾತ್ರ ಅನ್ನಿಸಿತು.

ಸಂಜೆ ಮನೆಗೆ ಹೋದಾಗ ಅತ್ತೆ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದರು. ಬಾಗಿಲಲ್ಲಿ ಚಪ್ಪಲಿ ಬಿಡುವುದರೊಳಗೆ ಸೂಜಿ ಮುಂದೆ ಚಾಚಿದರು.

"ಬಂದ್ಯಾ? ಈ ದಾರ ಪೋಣಿಸಿ ಕೊಡೇ. ಈಗಿನ ಸೂಜಿಗಳಿಗೆ ಕಣ್ಣೇ ಇಡಲ್ಲ ಹಾಳಾದೋರು."

ಪೋಣಿಸಿ ಕೊಟ್ಟೆ.

"ಯಾಕೆ ಮುಖ ಹಾಗಿದೆ?"

"ಯಾವಾಗಲೂ ಹೀಗೇ ಇದೆಯಲ್ಲ ಅತ್ತೆ."

"ಇವತ್ತು ಬೇರೆ ತರ ಹೀಗಿದೆ."

ಅರ್ಜಿ, ನಿಯಮ, ಖಾಲಿ ಹಾಳೆ ಎಲ್ಲ ಹೇಳಿದೆ. ಅತ್ತೆ ಮಿಷಿನ್ನಿನ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದರು.

"ಅಳತೆ ಇಲ್ಲ ಅಂತ ಯಾರು ಹೇಳಿದ್ದು?"

ಎದ್ದು ಹೋಗಿ ಗಿರಾಕಿಗಳ ಅಳತೆ ಪುಸ್ತಕ ತಂದರು. ಬಟ್ಟೆಯ ಚೂರುಗಳನ್ನು ಅಂಟಿಸಿ ದಪ್ಪಗಾದ ಪುಸ್ತಕ. ಒಂದು ಪುಟ ತೆರೆದು ನನ್ನ ಮುಂದಿಟ್ಟರು. ನರ್ಸಮ್ಮ, ಎದೆ 38, ತೋಳು 17. ಅಂಚೆಯವರ ಮಗ, ಸೊಂಟ 28. ಕೆರೆ, 7.

ಮುಂದಿನ ಪುಟದಲ್ಲೂ ಕೆರೆ. ಅದರ ಮುಂದೆಯೂ. ಪ್ರತಿ ಸೋಮವಾರ.

"ಇದು ಯಾವಾಗಿಂದ ಅತ್ತೆ?"

"ಅವನು ಹೋಗಿ ಒಂದು ವಾರಕ್ಕೆ ನನ್ನ ತಟ್ಟೆ ವಾಪಸ್ ತರೋಣ ಅಂತ ಹೋದೆ. ಹೇಳದೆ ಕೇಳದೆ ಎತ್ಕೊಂಡು ಹೋಗಿ ಬಣ್ಣ ಬಳಿದಿದ್ದ. ದೋಣಿಯಣ್ಣ ಅಂದ, ಇವತ್ತು ಸೋಮವಾರ ಅಲ್ವಾಮ್ಮ, ಅಳೆದೇ ತಗೊಂಡು ಹೋಗಿ ಅಂತ. ಮಗನ ಕೆಲಸ ಒಂದು ಸಲ ಮಾಡಿದ್ರೇನು ಅಂತ ಕೂತೆ. ಆಮೇಲೆ ಬಿಡೋಕಾಗ್ಲಿಲ್ಲ."

"ನನಗೆ ಹೇಳಲೇ ಇಲ್ಲ."

"ನೀನು ಕೇಳ್ಲೇ ಇಲ್ಲ."

ನಿಜ. ಸೋಮವಾರ ಬೆಳಿಗ್ಗೆ ಅವರು ಬಟ್ಟೆ ಕೊಡಲು ಹೋಗುತ್ತಾರೆ ಎಂದುಕೊಂಡಿದ್ದೆ. ಎಂಟು ತಿಂಗಳು ಒಂದೇ ಮನೆಯಲ್ಲಿದ್ದೆವು.

ಮರುದಿನ ನಾನು ಹುಟ್ಟಿಸಿದ ಸಾಲುಗಳನ್ನು ಅಳಿಸಿದೆ. ಆ ಜಾಗದಲ್ಲಿ ಅತ್ತೆಯ ಅಂಕಿಗಳನ್ನು ತುಂಬಿದೆ. ಮೇಷ್ಟ್ರು ಪಕ್ಕದಲ್ಲೇ ನಿಂತಿದ್ದರು. ಅವನ ಕೊನೆಯ ಅಂಕಿ ಒಂಬತ್ತು. ಅತ್ತೆಯ ಮೊದಲನೆಯದು ಏಳು. ಒಂದೇ ವಾರದಲ್ಲಿ ಎರಡು ಗಂಟು ಕೆಳಗೆ. ಅಲ್ಲಿಂದ ಏಳು, ಏಳು, ಏಳು. ಇತ್ತೀಚೆಗೆ ಎಂಟು.

"ಹಾಗಾದ್ರೆ ಜೊಂಡು ಕೆಲಸ ಮಾಡ್ತಿಲ್ಲ," ಮೇಷ್ಟ್ರು ಕುರ್ಚಿಗೆ ಕುಸಿದರು. "ಪುರಸಭೆಯವರು ಹೇಳಿದ್ದೇ ಸರಿ ಅಂತ ನಾವೇ ಬರೆದುಕೊಟ್ಟ ಹಾಗಾಗುತ್ತೆ."

ನಾನು ಕಂಪ್ಯೂಟರಿನ ಪರದೆಯನ್ನೇ ನೋಡುತ್ತಿದ್ದೆ. ಕೆರೆ ಒಂದು ವಾರದಲ್ಲಿ ಹಾಗೆ ಕುಸಿಯುವುದಿಲ್ಲ. ಆ ವಾರ ಬದಲಾದದ್ದು ಕೆರೆಯಲ್ಲ. ನನ್ನ ಕೈಗೆ ದಿನಾ ಬರುವ ಸೂಜಿ ನೆನಪಾಯಿತು.

ಸೋಮವಾರ ಅತ್ತೆಯ ಜೊತೆ ನಾನೂ ದೋಣಿ ಹತ್ತಿದೆ. ಮೋಡವಿರಲಿಲ್ಲ. ಅತ್ತೆ ತಟ್ಟೆ ಇಳಿಸುತ್ತಾ ಹೋದರು. ಎಂಟನೇ ಗಂಟಿಗೆ ಕೈ ನಿಲ್ಲಿಸಿದರು.

"ಹೋಯ್ತು."

ನನಗೆ ಕಾಣುತ್ತಿತ್ತು. ಹಸಿರು ನೀರಿನೊಳಗೆ ಬೆಳ್ಳಗೆ, ದುಂಡಗೆ.

"ಇನ್ನೂ ಬಿಡಿ ಅತ್ತೆ."

ಒಂಬತ್ತು. ಹತ್ತನೇ ಗಂಟಿಗೆ ನನಗೂ ಮರೆಯಾಯಿತು. ಅತ್ತೆ ನನ್ನ ಮುಖ ನೋಡಿದರು. ಹೇಳಬೇಕಾಗಲಿಲ್ಲ.

"ನನ್ನ ಕಣ್ಣೇನೇ?" ಎಂದರು. ಹಗ್ಗ ಮೇಲೆಳೆಯುತ್ತಾ, "ಅವನು ಕಷ್ಟಪಟ್ಟು ಬರೆದಿಟ್ಟಿದ್ದನ್ನ ನಾನೇ ಕೆಡಿಸಿಬಿಟ್ಟೆನಾ?"

"ಇಲ್ಲ ಅತ್ತೆ. ನೀವು ಒಂದು ವಾರವೂ ತಪ್ಪಿಸಿಲ್ಲ."

"ದೋಣಿಯಣ್ಣ, ನೀನಾದ್ರೂ ಹೇಳಬಾರದಿತ್ತಾ?"

"ನಾನು ಹುಟ್ಟು ಹಾಕೋನು ಕಣಮ್ಮ. ತಟ್ಟೆ ಕಡೆ ನೋಡ್ತಾ ಕೂತ್ರೆ ಮೂರೂ ಜನ ತಟ್ಟೆ ಹಿಂದೆನೇ ಹೋಗ್ತೀವಿ."

ಅತ್ತೆ ನಕ್ಕರು. ನಾನೂ ನಕ್ಕೆನೇನೋ. ದೋಣಿಯಣ್ಣ ತಿರುಗಿ ನೋಡಿದ.

ಉಳಿದ ದಿನಗಳಲ್ಲಿ ಹನ್ನೆರಡು ಸಲ ಕೆರೆಗೆ ಹೋದೆವು. ಬಿಸಿಲಲ್ಲಿ, ಮೋಡದಲ್ಲಿ. ಒಂದೇ ತಟ್ಟೆ, ಎರಡು ಜೊತೆ ಕಣ್ಣು. ಹನ್ನೆರಡರಲ್ಲಿ ಹನ್ನೊಂದು ಸಲ ವ್ಯತ್ಯಾಸ ಎರಡೇ ಗಂಟು. ಅತ್ತೆಯ ಏಳಕ್ಕೆ ಎರಡು ಸೇರಿಸಿದರೆ ಅವನ ಒಂಬತ್ತೇ. ಅರ್ಜಿಯಲ್ಲಿ ಅತ್ತೆಯ ಅಂಕಿಗಳನ್ನು ಇದ್ದ ಹಾಗೇ ಇಟ್ಟೆ. ಪಕ್ಕದಲ್ಲಿ ಈ ವ್ಯತ್ಯಾಸವನ್ನು ಬರೆದೆ. ಡಾಕ್ಟರು ಅತ್ತೆಯ ಕಣ್ಣಲ್ಲಿ ಕಂಡ ಪೊರೆ ಹಿಂದಿನ ತಿಂಗಳುಗಳಲ್ಲಿ ಎಷ್ಟಿತ್ತೋ ನಮಗೆ ಗೊತ್ತಿಲ್ಲ ಎಂದೂ ಬರೆದೆ.

ಮೇಷ್ಟ್ರು ಎರಡು ಸಲ ಓದಿದರು. "ನಮ್ಮ ಹುಳುಕು ನಾವೇ ಎತ್ತಿ ತೋರಿಸಿದ ಹಾಗಲ್ವೇನಮ್ಮ?"

"ಹೌದು ಮೇಷ್ಟ್ರೇ."

"ಸರಿ ಕಳಿಸು. ಈ ವಯಸ್ಸಲ್ಲಿ ನಂಗೆ ಪಾಠ ಹೇಳಿಸ್ಕೊಳ್ಳೋದು ಬರೆದಿತ್ತು."

ಒಂದು ಚೌಕ ಮಾತ್ರ ಖಾಲಿ ಉಳಿದಿತ್ತು. ವೀಕ್ಷಕರು ಬದಲಾಗಿದ್ದರೆ ಕಾರಣ ತಿಳಿಸಿ. ಎಂಟು ತಿಂಗಳಲ್ಲಿ ಆ ಮಾತನ್ನು ನಾನು ಎಲ್ಲೂ ಬರೆದಿರಲಿಲ್ಲ. ಬ್ಯಾಂಕಿನ, ಪುರಸಭೆಯ ಕಾಗದಗಳಲ್ಲೆಲ್ಲ ಮೇಷ್ಟ್ರೇ ಬರೆದು, ನಾನು ಸಹಿ ಮಾಡಿದ್ದೆ.

ಬರೆದೆ. ಮೊದಲನೆಯ ವೀಕ್ಷಕರು ಸತ್ತುಹೋದರು. ಎರಡನೆಯವರು ಅವರ ತಾಯಿ. ಮೂರನೆಯವಳು ಅವರ ಹೆಂಡತಿ, ಈ ತಿಂಗಳಿನಿಂದ.

ಕೆಳಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು. ಅರ್ಜಿ ಹೋಯಿತು.

ಆರು ವಾರದ ಮೇಲೆ ಉತ್ತರ ಬಂತು. ಮೊದಲ ಸಾಲಿನಲ್ಲಿ ಹೊಗಳಿಕೆ ಇರಲಿಲ್ಲ. ಮೇಷ್ಟ್ರಿಗೆ ಹಾಗೆಂದೆ.

"ಹೊಗಳಿಲ್ವಾ?" ಮೆಟ್ಟಿಲ ಮೇಲೇ ನಿಂತುಬಿಟ್ಟರು. "ಹಾಗಾದ್ರೆ ಹೊರಗೂ ಹಾಕಿಲ್ಲ!"

ಕೊನೆಯ ಸುತ್ತಿಗೆ ಉಳಿದ ನಾಲ್ಕು ಕೆರೆಗಳಲ್ಲಿ ನಮ್ಮದೂ ಒಂದು. ಅವರ ಅಧಿಕಾರಿಯೊಬ್ಬರು ಬಂದು ನೋಡುತ್ತಾರಂತೆ. ಎರಡನೆಯ ವೀಕ್ಷಕರು ತಟ್ಟೆ ಇಳಿಸುವುದನ್ನು ಕಣ್ಣಾರೆ ನೋಡಬೇಕಂತೆ. ಮೇಷ್ಟ್ರು ಆ ಪತ್ರವನ್ನು ಅವತ್ತೇ ಪುರಸಭೆಗೆ ಒಯ್ದರು. ತೀರ್ಮಾನ ಬರುವವರೆಗೆ ಜೊಂಡನ್ನು ಮುಟ್ಟುವುದಿಲ್ಲ ಎಂದು ಬರೆಸಿಕೊಂಡೇ ಬಂದರು.

"ನನ್ನನ್ನ ನೋಡೋಕೆ ಅಷ್ಟು ದೂರದಿಂದ ಬರ್ತಾರಾ?" ಎಂದರು ಅತ್ತೆ. "ಹಾಗಿದ್ರೆ ಕಣ್ಣು ಸರಿ ಮಾಡಿಸ್ಕೋಬೇಕು."

ಬಲಗಣ್ಣಿನ ಪೊರೆ ತೆಗೆಸಿ ತಿಂಗಳಾದ ಮೇಲಿನ ಸೋಮವಾರ ಮತ್ತೆ ದೋಣಿಯಲ್ಲಿದ್ದೆವು. ಅಧಿಕಾರಿ ಬರಲು ಇನ್ನೂ ನಾಲ್ಕು ದಿನ. ಹೊಸ ಕಣ್ಣಿಗೆ ಹೊಸದಾಗಿ ಅಳೆಯಬೇಕಿತ್ತು. ಜೊಂಡಿನ ಸಾಲು ಗಾಳಿಗೆ ಬಾಗಿ ಏಳುತ್ತಿತ್ತು. ಹಗ್ಗ ಅತ್ತೆಯ ಕೈಯಲ್ಲಿ, ಪುಸ್ತಕ ನನ್ನ ಕೈಯಲ್ಲಿ. ಅವನು ಕಟ್ಟಿದ ಗಂಟುಗಳು ಒಂದೊಂದೇ ನೀರಿಗಿಳಿದವು.

"ಹತ್ತು," ಎಂದೆ. "ನನಗೆ ಹೋಯ್ತು."

"ಎಲ್ಲಿ ಹೋಯ್ತು? ನನಗೆ ಲಕ್ಷಣವಾಗಿ ಕಾಣ್ತಿದೆ." ಅತ್ತೆ ನನ್ನ ಕಡೆ ತಿರುಗಿದರು. ಒಂದು ಗಳಿಗೆ ನೋಡಿ, ಸೆರಗಿನ ತುದಿ ನನ್ನ ಕೈಗೆ ಕೊಟ್ಟರು. "ಮೊದಲು ಕಣ್ಣೊರೆಸ್ಕೊಂಡು ನೋಡೇ."

ಒರೆಸಿಕೊಂಡು ನೋಡಿದೆ. ಕಾಣುತ್ತಿತ್ತು.

ಅತ್ತೆ ಇನ್ನೊಂದು ಗಂಟು ಬಿಟ್ಟರು. ಆಗಲೂ ಕಾಣುತ್ತಿತ್ತು.