ಐದು ಸಸಿಗಳ ಪಾಲಿನ ಬಿಸಿಲು

ಮದುವೆಯಾದ ವಾರದಲ್ಲೇ ರೊಹಾಯಾ ಮಾವನ ತೋಟದಲ್ಲಿ ಐದು ದಾಮರ್ ಸಸಿ ನೆಟ್ಟಿದ್ದಳು. ಕ್ರೂಯಿ ಸೀಮೆಯಲ್ಲಿ ಹೊಸದಾಗಿ ಮದುವೆಯಾದ ಜೋಡಿ ದಾಮರ್ ನೆಡಲೇಬೇಕು, ಅದು ಪದ್ಧತಿ. ಇಪ್ಪತ್ತು ವರ್ಷಕ್ಕೆ ಆ ಮರಗಳು ರಾಳ ಕೊಡುತ್ತವೆ, ಮಕ್ಕಳ ಬದುಕಿಗಾಗುತ್ತದೆ. ಈಗ ಮೂರು ವರ್ಷವಾಗಿತ್ತು. ಸಸಿಗಳು ಮಾತ್ರ ಮುನಿಸಿಕೊಂಡವರ ಹಾಗೆ ನೆಟ್ಟ ದಿನದ ಎತ್ತರದಲ್ಲೇ ನಿಂತಿದ್ದವು.

"ನಾಳೆ ಶುಕ್ರವಾರ. ನಮಾಜ್ ಮುಗಿಸ್ಕೊಂಡು ಬಂದು ಕಿತ್ತಾಕ್ತೀನಿ," ಅಂದರು ಮಾವ ಬಹರೂದಿನ್. "ಅಲ್ಲಿ ಏಲಕ್ಕಿ ಹಾಕೋಣ. ಅದು ನೆರಳಲ್ಲೂ ಬರುತ್ತೆ."

"ಕಿತ್ರೆ ಊರಿನ ಹೆಂಗಸರು ನನ್ನ ಸುಮ್ನೆ ಬಿಡ್ತಾರಾ ಮಾವ?"

"ಹಿಂಗೇ ಕುಳ್ಳಗೆ ನಿಂತಿರೋದನ್ನ ನೋಡಿದ್ರೂ ಬಿಡಲ್ಲ ಕಣಮ್ಮ."

ರೊಹಾಯಾ ಆ ಸಸಿಗಳಿಗೆ ಆಡಿನ ಗೊಬ್ಬರ ಹಾಕಿದ್ದಳು, ಅಕ್ಕಿ ತೊಳೆದ ನೀರು, ಮೀನು ತೊಳೆದ ನೀರು ಹೊಯ್ದಿದ್ದಳು. ಕಾಫಿ ಕುಡಿಸುವುದೊಂದು ಬಾಕಿ. ಮರುದಿನ ಬೆಳಿಗ್ಗೆ ಬೇಯಿಸಿದ ಮರಗೆಣಸು ಹಿಡಿದು ಅವುಗಳ ಮುಂದೆಯೇ ಕುಕ್ಕರಿಸಿದಳು. ಆಗ ಕಣ್ಣಿಗೆ ಬಿತ್ತು: ನಾಲ್ಕಕ್ಕೆ ಮೂರು ಮೂರೇ ಎಲೆ, ತುದಿಯದಕ್ಕೆ ಮಾತ್ರ ಒಂಬತ್ತು. ಗೊಬ್ಬರ ಅದೇ, ನೀರೂ ಅದೇ.

ಹತ್ತು ಗಂಟೆಗೆ ಅಂಗೈಯಗಲದ ಬಿಸಿಲೊಂದು ಜಾರಿ ಬಂದು ಆ ತುದಿಯ ಸಸಿಯ ಮೇಲೆ ಕೂತಿತು. ಅವಳು ಗೆಣಸು ತಿಂದು ಮುಗಿಸುವಷ್ಟರಲ್ಲಿ ಎದ್ದು ಹೋಯಿತು. ಉಳಿದ ನಾಲ್ಕರ ಕಡೆ ತಿರುಗಿಯೂ ನೋಡಲಿಲ್ಲ. ಅವಳು ತಲೆಯೆತ್ತಿದಳು. ಎಲ್ಲಕ್ಕಿಂತ ಮೇಲೆ ಹಳೇ ದಾಮರ್, ಅದರ ಕೆಳಗೆ ಹಲಸಿನಂಥ ಮುಳ್ಳುಹಣ್ಣು ಬಿಡುವ ದುರಿಯನ್, ಅದರ ಕೆಳಗೆ ಉದ್ದುದ್ದ ಕಾಯಿಯ ಪೆತೈ ಮರ. ಮೇಲಿನಿಂದ ಬಡಿಸಿದ ಬಿಸಿಲನ್ನು ಒಂದೊಂದೂ ಬಳಿದು ತಿಂದು, ಕೆಳಗೆ ಎಂಜಲೂ ಬಿಟ್ಟಿರಲಿಲ್ಲ.

ಓಡಿದಳು. ಮಾವ ಆ ಹಳೇ ದಾಮರಿನ ಬುಡದಲ್ಲಿ, ರಾಳ ತೆಗೆಯಲು ಮರ ಏರುವುದಕ್ಕೆ ಬೆತ್ತದ ಪಟ್ಟಿ ಸೊಂಟಕ್ಕೆ ಕಟ್ಟುತ್ತಿದ್ದರು.

"ಮಾವ, ಅವಕ್ಕೆ ಹೊಟ್ಟೆಗಿಲ್ಲ. ಎಲೆ ಅಡುಗೆ ಮಾಡ್ಕೊಳ್ಳೋದು ಬಿಸಿಲಲ್ಲಿ. ನಾನು ಮೂರು ವರ್ಷ ಒಲೆನೇ ಹಚ್ಚದೆ ಬರೀ ಪಾತ್ರೆ ತುಂಬಿಸ್ದೆ. ನೀವು ಏರೋ ಮರಕ್ಕೆ ಆತ್ಕೊಂಡಿದೆಯಲ್ಲ ಎಡಗಡೆ ದುರಿಯನ್ ಕೊಂಬೆ, ಅದೊಂದು ಕಡೀರಿ."

"ಹಣ್ಣು ಬಿಡೋ ಕೊಂಬೆ ಅದು."

"ಅದರ ಹಣ್ಣು ಯಾವತ್ತಾದ್ರೂ ನೀವು ತಿಂದಿದ್ದೀರಾ? ಕೋತಿಗಳೇ ಮುಗಿಸ್ತವೆ."

ಬಹರೂದಿನ್ ಗೊಣಗುತ್ತಾ ಏರಿದರು. ಮೊದಲು ದಬಕ್ಕನೆ ಬಿದ್ದದ್ದು ಪೆತೈ ಕೊಂಬೆ, ಕಾಯಿಗೊಂಚಲ ಸಮೇತ. ಬಿಸಿಲು ಒಂದು ಎಳೆಯೂ ಬರಲಿಲ್ಲ.

"ಎಡಗಡೆ ಅಂದ್ನಲ್ಲ ಮಾವ."

"ಮರ ತಬ್ಕೊಂಡು ನೇತಾಡ್ತಿದ್ದೀನಿ. ಯಾರ ಎಡ?"

"ಬೆನ್ನ ಹಿಂದೆ. ಹಾಂ, ಅದೇ."

ದುರಿಯನ್ ಕೊಂಬೆ ಮುರಿದು ಕೆಳಗೆ ಬಂತು. ಅದರ ಹಿಂದೆಯೇ ಕಂಬಳಿಯಗಲ ಬಿಸಿಲು ಇಳಿದು ಐದೂ ಸಸಿಗಳ ಮೇಲೆ ಹಾಸಿಕೊಂಡಿತು. ರೊಹಾಯಾ ಅದರ ನಡುವೆ ನಿಂತು ಕೈ ಚಾಚಿ ಒಂದು ಸುತ್ತು ತಿರುಗಿದಳು. ಮೇಲಿನಿಂದ, "ಏಲಕ್ಕಿಗೆ ಬೇರೆ ಜಾಗ ನೋಡಬೇಕಾಯ್ತು," ಎಂಬ ದನಿ ಬಂತು.

ತಿಂಗಳೊಳಗೆ ಐದಕ್ಕೂ ಕೆಂಪು ಚಿಗುರು. ಬಹರೂದಿನ್ ತಮ್ಮ ಹೆಂಡತಿಯನ್ನು ಕೈಹಿಡಿದು ಕರೆತಂದರು. "ನಾನು ಆವಾಗ್ಲೇ ಹೇಳ್ದೆ, ಗೊಬ್ಬರ ಅಲ್ಲ, ಬಿಸಿಲು ಕಡಿಮೆ ಅಂತ," ಅಂದರು.

ರೊಹಾಯಾ ತಲೆವಸ್ತ್ರದ ತುದಿಯಲ್ಲಿ ನಗು ಮುಚ್ಚಿಕೊಂಡು, "ಹೌದು ಮಾವ, ನೀವೇ ಹೇಳಿದ್ದು," ಅಂದಳು.