ಎರಡು ಕಿಲ್ವರ ಅಂದ ಮೇಲೆ

"ಎರಡು ಕಿಲ್ವರ," ಅಂದರು ಭೂಪಾಲ.

ಜೋಡಿಯಾಗಿ ಎದುರಿಗೆ ಕೂತಿದ್ದ ಸೊಸೆ ಮೇಘಾ ಎಲೆಗಳಿಂದ ತಲೆ ಎತ್ತಿದಳು. ಬ್ರಿಜ್ ಆಟದಲ್ಲಿ ಈ ಮಾತಿಗೂ ಕೈಯಲ್ಲಿರುವ ಕಿಲ್ವರ ಎಲೆಗಳಿಗೂ ಸಂಬಂಧವೇ ಇಲ್ಲ. ಇದು ಜೋಡಿಗೆ ಕೊಡುವ ಸುದ್ದಿ: ನನ್ನ ಕೈ ತುಂಬ ಎಕ್ಕ, ರಾಜ, ರಾಣಿ ಬಂದು ಕೂತಿದ್ದಾರೆ, ನಾವು ಗೇಮ್ ಮುಟ್ಟುವ ತನಕ ನೀನು ಬಾಯಿ ಮುಚ್ಚಬೇಡ. ಬದಾಮದ ಎಲೆಯಲ್ಲಾದರೆ ನಾಲ್ಕಕ್ಕೆ ಗೇಮ್. ಅಲ್ಲಿಗೆ ಏರಿದರೆ ದೊಡ್ಡ ಅಂಕ, ಕೆಳಗೆ ನಿಂತರೆ ಚಿಲ್ಲರೆ.

"ಎರಡು ಚೌಕಟ," ಅಂದಳು ಮೇಘಾ. ಅದಕ್ಕೂ ಚೌಕಟ ಎಲೆಗೂ ಸಂಬಂಧವಿಲ್ಲ. ಕೇಳುತ್ತಿದ್ದೇನೆ, ಮುಂದೆ ಹೇಳಿ ಅಂತ ಅಷ್ಟೇ.

"ಎರಡು ಬದಾಮ."

ಬದಿಯಲ್ಲಿ ಎದುರಾಳಿಯಾಗಿ ಕೂತಿದ್ದ ಬ್ಯಾಂಕಿನ ರಾಜಾರಾಮ ಪಾಸ್ ಅಂದ. ಮೇಘಾ ಕೂಡ ಪಾಸ್ ಅಂದುಬಿಟ್ಟಳು!

ಅಂದ ಮೇಲೇ ತಪ್ಪು ಅವಳಿಗೆ ಗೊತ್ತಾದದ್ದು. ಮಧ್ಯಾಹ್ನದ ಹೊತ್ತು ಮೊಬೈಲಿನಲ್ಲಿ ಆಡಿ ಆಡಿ ಈ ಪದ್ಧತಿ ಅವಳಿಗೆ ಬಾಯಿಪಾಠವಾಗಿತ್ತು. ಆದರೆ ಹಾರೂಗೇರಿಯ ಆ ಮನೆಯಲ್ಲಿ ಮಾವ ಒಂದು ಮಾತು ಆಡಿದರೆ ಅಲ್ಲಿಗೆ ಮುಗಿಯಿತು. ಮಗ ಅಭಿನಂದನ ತಲೆಯಾಡಿಸುತ್ತಾನೆ, ಸೊಸೆ ಒಳಗೆ ಹೋಗುತ್ತಾಳೆ. ತಲೆಗೆ ಆಟ ಬಂದಿತ್ತು, ನಾಲಿಗೆಗೆ ಮನೆಯ ರೂಢಿಯೇ ಇತ್ತು.

ಭೂಪಾಲ ಎರಡರ ಆಟದಲ್ಲಿ ನಾಲ್ಕಕ್ಕೆ ಸಾಕಾಗುವಷ್ಟು ಸುತ್ತು, ಅಂದರೆ ಪಟ್ಟು, ಗೆದ್ದರು. ಸಿಕ್ಕಿದ್ದು ಚಿಲ್ಲರೆ ಅಂಕ.

"ಯಾಕ ಬೇ, ಎರಡು ಕಿಲ್ವರ ಅಂದಿದ್ದು ಕೇಳಿಸಲಿಲ್ಲೇನ?"

"ಕೇಳಿಸ್ತ್ರಿ ಮಾಮಾರ."

"ಮತ್ತ?"

ಅವಳ ಕಣ್ಣಲ್ಲಿ ನೀರು ತುಂಬಿತು. ಭೂಪಾಲರ ಹಳೇ ಜೋಡಿ ಭಾವುಸಾಹೇಬ ಸಾಂಗಲಿಗೆ ಹೋಗಿ ನೆಲೆಸಿದ ಮೇಲೆ ಆ ಕುರ್ಚಿ ಖಾಲಿಯಾಗಿತ್ತು. "ಅಥಣಿ ಟೂರ್ನಮೆಂಟಿನ್ಯಾಗ ನೋಡೂಣು. ಚಲೋ ಆಡಿ ಜಮಾಸಿದ್ರ ಮುಂದ ನೀನ ಜೋಡಿ. ಇಲ್ಲಂದ್ರ ರಾಜಾರಾಮ ಅದಾನ," ಅಂದಿದ್ದರು ಮಾವ. ಮೇಘಾಳಿಗೆ ಆ ಕುರ್ಚಿ ಬೇಕೇ ಬೇಕಿತ್ತು. ಗೊಬ್ಬರದ ಅಂಗಡಿ, ಕಬ್ಬು, ಹೊಸ ಗಾಡಿ, ಯಾವುದರಲ್ಲೂ ಅವಳ ವಿಚಾರ ಏನು ಅಂತ ಯಾರೂ ಕೇಳುತ್ತಿರಲಿಲ್ಲ. ಈ ಮೇಜಿನಲ್ಲಿ ಕೇಳದೆ ಆಟವೇ ಸಾಗದು.

"ಕಾಕಾ, ಮುಂದಿನ ತಿಂಗಳ ನಿಪ್ಪಾಣಿ ಟೂರ್ನಮೆಂಟಿಗೆ ನಾ ನಿಮ್ಮ ಜೋಡಿ ಆಗಾಕ ತಯಾರ ಅದೀನ್ರಿ," ಅಂದ ರಾಜಾರಾಮ, ಎಲೆ ಕಲಸುತ್ತ. ಭೂಪಾಲ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ.

ಹೊತ್ತು ಮುಳುಗುವ ಮೊದಲು ಜೈನರ ಊಟ ಆಗಬೇಕಲ್ಲ, ಅದಕ್ಕೆ ಆಟ ನಿಂತಿತು. ಅತ್ತೆ ಸುಗಂಧಾ ಟೂರ್ನಮೆಂಟು ನಡೆದಿದ್ದ ಅಥಣಿಯ ಮಂಗಲ ಕಾರ್ಯಾಲಯದ ಪಡಸಾಲೆಯಲ್ಲಿ ಡಬ್ಬಿ ಬಿಚ್ಚಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಕೊಟ್ಟರು.

"ಸುಮ್ಮ ಕುಂತಬಿಟ್ಳು ನಿನ್ನ ಸೊಸಿ," ಅಂದರು ಭೂಪಾಲ.

"ಅಯ್ಯ, ನೀವು ಮಾತಾಡಿದ ಮ್ಯಾಲ ನಮ್ಮ ಮನ್ಯಾಗ ಯಾರರೆ ಬಾಯಿ ತಗದಾರೇನ್ರಿ? ನಾನೂ ತಗದಿಲ್ಲ. ಇಲ್ಲಿ ಬಂದು ಒಮ್ಮಿಂದೊಮ್ಮೆಲೆ ಮಾತಾಡು ಅಂದ್ರ ಹುಡುಗಿ ಹೆಂಗ ಮಾತಾಡ್ಬೇಕ?"

"ಇದು ಆಟ, ಸುಗಂಧಾ."

"ಆಕಿಗೆ ನೀವು ಅಲ್ಲೂ ಮಾಮಾನ, ಇಲ್ಲೂ ಮಾಮಾನ. ರೊಟ್ಟಿ ತಿನ್ರಿ, ಹೊತ್ತು ಮುಳಗಾಕತ್ತೈತಿ."

ಭೂಪಾಲ ತಿಂದರು.

ಕೊನೆಯ ಆಟ. ಅದೇ ರಾಜಾರಾಮ ಪಕ್ಕದಲ್ಲಿ. ಭೂಪಾಲ ಎಲೆ ಜೋಡಿಸಿಕೊಂಡು ಒಂದು ಸಲ ಸೊಸೆಯ ಮುಖ ನೋಡಿದರು.

"ಎರಡು ಕಿಲ್ವರ."

"ಎರಡು ಚೌಕಟ," ಅಂದಳು ಮೇಘಾ.

"ನಾಕು ಬದಾಮ!"

ಒಂದೇ ನೆಗೆತಕ್ಕೆ ಗೇಮ್. ಇವಳು ಮತ್ತೆ ಸುಮ್ಮನಾದಾಳು ಅಂತ ಮುಂದಿನ ಮಾತಿಗೆ ತಾವೇ ಬಾಗಿಲು ಹಾಕಿಬಿಟ್ಟಿದ್ದರು. ಈಗ ಪಾಸ್ ಅಂದರೆ ಯಾರೂ ತಪ್ಪು ಹಿಡಿಯುವುದಿಲ್ಲ. ಆದರೆ ಮೇಘಾಳ ಕೈಯಲ್ಲಿ ಚೌಕಟದ ಎಕ್ಕವಿತ್ತು, ರಾಜನಿದ್ದ, ಎರಡು ಬದಾಮವೂ ಇದ್ದವು. ಮಾವನ ಅಷ್ಟು ಜೋರಿನ ಕೈಗೆ ಇವು ಕೂಡಿದರೆ ಗೇಮಿನಾಚೆ ಆರರ ತನಕ, ಹದಿಮೂರು ಪಟ್ಟಿನಲ್ಲಿ ಒಂದನ್ನಷ್ಟೇ ಬಿಡಬಹುದಾದ ಸ್ಲ್ಯಾಮಿನ ತನಕ ದಾರಿ ಇತ್ತು. ಮಾವನಿಗೆ ಅದು ಗೊತ್ತಿಲ್ಲ. ಗೊತ್ತಿರುವುದು ತನಗೊಬ್ಬಳಿಗೆ. ಏರಿಸಿದರೆ ಅವರ ಮಾತಿನ ಮೇಲೆ ಮಾತು ಆಡಿದಂತೆ. ಆಡಿ ಸೋತರೆ ಕುರ್ಚಿ ಹೋಯಿತು.

ರಾಜಾರಾಮ ಪಾಸ್ ಅಂದು ಅವಳ ಕಡೆ ತಿರುಗಿದ. ಅವಳೂ ಪಾಸ್ ಅನ್ನುತ್ತಾಳೆಂದು ಆಗಲೇ ಆಟಕ್ಕೆ ಎಲೆ ಎಳೆಯತೊಡಗಿದ್ದ.

"ಆರು ಬದಾಮ," ಅಂದಳು ಮೇಘಾ.

ಭೂಪಾಲರ ಹುಬ್ಬು ಮೇಲೇರಿತು. ಮೇಘಾ ಆಟದ ನಿಯಮದಂತೆ ತನ್ನ ಎಲೆಗಳನ್ನು ಮೇಜಿನ ಮೇಲೆ ಬಿಡಿಸಿಟ್ಟಾಗ ಅವರು ಎಕ್ಕವನ್ನೂ ರಾಜನನ್ನೂ ನೋಡಿ "ಬರೋಬರಿ" ಅಂದರು, ಮೆಲ್ಲಗೆ. ಆಟ ನಡೆಯಿತು. ಕಿಲ್ವರದ ಎಕ್ಕ ಎದುರಾಳಿಗಳ ಕಡೆ ಇತ್ತು, ಅದೊಂದು ಪಟ್ಟು ಹೋಗುವುದೇ. ಬದಾಮ ಮಾತ್ರ ಸರಿಯಾಗಿ ಹಂಚಿಹೋಗಿರಲಿಲ್ಲ. ಗುಲಾಮನ ಸಮೇತ ನಾಲ್ಕು ಎಲೆ ರಾಜಾರಾಮನ ಒಬ್ಬನ ಕೈಯಲ್ಲೇ ಕೂತಿದ್ದವು. ಆ ಗುಲಾಮನಿಗೆ ಇನ್ನೊಂದು ಹೋಗಿ, ಒಂದೇ ಒಂದು ಪಟ್ಟು ಕಡಿಮೆಯಾಯಿತು. ಸೋತರು.

"ನಾಕಕ್ಕ ನಿಂತಿದ್ರ ಆರಾಮ ಆಗ್ತಿತ್ತಲ್ರಿ ಕಾಕಾ," ಅಂದ ರಾಜಾರಾಮ. "ವೈನಿ ಭಾಳ ಅವಸರ ಮಾಡಿದ್ರು."

ಮೇಘಾ ತಲೆ ತಗ್ಗಿಸಿದಳು.

"ಅವಸರ ಮಾಡಿದಾಂವ ನಾನಪಾ," ಅಂದರು ಭೂಪಾಲ. "ಎರಡಂದು, ಮೂರಂದು, ಆಕಿ ಏನಂತಾಳ ಕೇಳ್ಬೇಕಿತ್ತು. ಕೇಳಲಾರದ ನಾಕಕ್ಕ ಜಿಗದ್ನಿ. ಆಕಿ ಅಂದಿದ್ದು ಖರೇ ಐತಿ, ನಾಕೂ ಬದಾಮ ನೀ ಹಿಡ್ಕೊಂಡು ಕುಂತ್ರ ಆಕಿ ಏನ ಮಾಡ್ತಾಳ?"

"ಅಂದ್ರ ನಿಪ್ಪಾಣಿಗೆ..."

"ನೀ ಬ್ಯಾರೆ ಜೋಡಿ ನೋಡ್ಕೋ."

ಹೊರಗೆ ಸುಗಂಧಾ ಡಬ್ಬಿ ಹಿಡಿದು ನಿಂತಿದ್ದರು. "ಗೆದ್ರೇನ್ರಿ?"

"ಸೋತ್ವಿ," ಅಂದರು ಭೂಪಾಲ, ಚಪ್ಪಲಿ ಮೆಟ್ಟುತ್ತ. ಆಮೇಲೆ ಸೊಸೆಯ ಕಡೆ ತಿರುಗಿ, "ಮೇಘಾ, ನಾಕು ಬದಾಮ ಅನ್ನೂದರ ಬದಲಿ ನಾ ಏನ ಅಂದಿದ್ರ ಚಲೋ ಇತ್ತು? ಹೇಳು."

"ಹೇಳ್ತೀನ್ರಿ ಮಾಮಾರ," ಅಂದಳು ಮೇಘಾ, ಮತ್ತು ಕಾರು ಹಾರೂಗೇರಿ ಮುಟ್ಟುವ ತನಕ ನಿಲ್ಲಿಸದೆ ಹೇಳಿದಳು.