ಕೆಚ್ಚದೆ ಉಳಿದ ಹಾಸು

ದೊಡ್ಡಬಳ್ಳಾಪುರದ ಮುನಿರಾಜನ ಮಗ್ಗದ ಮನೆಯಲ್ಲಿ ಲಕ್ಕಮ್ಮ, ಅನುಸೂಯಮ್ಮ ಇಬ್ಬರೂ ಬೆಳಗಿನಿಂದ ಮಗ್ಗದ ಉದ್ದೆಳೆಗಳ ಹಾಸು ಕೆಚ್ಚುತ್ತಿದ್ದರು. ಮುಗಿದ ಹಾಸಿನ ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಹೊಸೆದು ಸೇರಿಸುವ ಕೆಲಸ ಅದು. ಒಟ್ಟು ನಾಲ್ಕು ಸಾವಿರ ಎಳೆ. ಲಕ್ಕಮ್ಮ ಎಳೆ ಆರಿಸಿ ಕೊಡುವವಳು, ಅನುಸೂಯಮ್ಮ ಬೂದಿ ಹಚ್ಚಿದ ಬೆರಳಲ್ಲಿ ಹೊಸೆಯುವವಳು. ಇಪ್ಪತ್ತೆರಡು ವರ್ಷದ ಜೋಡಿ. ಕೂತ ಹಾಸು ಮುಗಿಯದೆ ಏಳಬಾರದು ಎಂದು ಅನುಸೂಯಮ್ಮನ ಅತ್ತೆ ಕಟ್ಟಳೆ ಹಾಕಿದ್ದಳು. ಅತ್ತೆ ಮಣ್ಣಾಗಿ ಹತ್ತು ವರ್ಷವಾದರೂ ಸೊಸೆ ಅದನ್ನು ಮೀರಿದವಳಲ್ಲ. ಅಂಥ ಹಟಮಾರಿ ಹೆಂಗಸು.

ಮೂರು ದಿನದಿಂದ ಅವಳಿಗೆ ತಲೆನೋವು. ಅಮೃತಾಂಜನ ಹಚ್ಚಿಕೊಂಡೇ ಕೂತಿದ್ದಳು.

“ಒಂದು ಎಳೆ ಕೊಡು ಅಂದ್ರೆ ಎರಡು ಕೊಡ್ತೀಯಲ್ಲೇ ಲಕ್ಕಿ!”

“ಒಂದೇ ಕಣೇ ಕೊಟ್ಟಿರೋದು.”

ಲಕ್ಕಮ್ಮ ಮುಖವೆತ್ತಿ ನೋಡಿದಳು. ಗೆಳತಿಯ ಎಡಗಣ್ಣು ಕಿವಿಯ ಕಡೆಗೆ ವಾಲಿತ್ತು. “ಅಯ್ಯೋ, ಮೆಳ್ಳೆಗಣ್ಣು ಬಂದ್ಬಿಟ್ಟೈತೆ ಕಣೇ. ಅದೃಷ್ಟ ಅಂತಾರೆ!” ಎಂದು ನಕ್ಕಳು. ಆ ನಗುವಿಗೆ ಆಮೇಲೆ ಎಷ್ಟು ಸಲ ತನ್ನನ್ನು ತಾನೇ ಬೈದುಕೊಂಡಳೋ. ಅಷ್ಟೇ ಅಲ್ಲ, ಕೆಲಸ ನಿಲ್ಲಬಾರದೆಂದು ತನ್ನ ಕೈಯಾರೆ ಆ ಕಣ್ಣಿಗೆ ಬಟ್ಟೆಯನ್ನೂ ಕಟ್ಟಿದಳು.

ಗಂಟೆ ಹನ್ನೆರಡಾಯಿತು. ಅನುಸೂಯಮ್ಮ ಬಟ್ಟೆ ಕಿತ್ತೆಸೆದಳು. “ನೋಡೇ, ಈಗ ಒಂದೇ ಕಾಣ್ತದೆ! ವಾಸಿಯಾಯ್ತು!”

ವಾಸಿಯಾದ ಕಣ್ಣು ಮುಚ್ಚಿಕೊಂಡಿತ್ತು. ರೆಪ್ಪೆ ಪೂರ್ತಿ ಇಳಿದಿತ್ತು. ಲಕ್ಕಮ್ಮ ಬೆರಳಲ್ಲಿ ಅದನ್ನೆತ್ತಿದಳು. ಬಲಗಣ್ಣಿನ ಪಾಪೆ ಎಳ್ಳಿನಷ್ಟಿದ್ದರೆ ಎಡಗಣ್ಣಿನದು ಹುರುಳಿಕಾಳಿನಷ್ಟಿತ್ತು.

ಲಕ್ಕಮ್ಮನ ಮಗಳು ಬಿಂದುಶ್ರೀ ಆಸ್ಪತ್ರೆಯೊಂದರಲ್ಲಿ ನರ್ಸ್. ಮಗ್ಗಗಳ ಸದ್ದಿಗೆ ಲಕ್ಕಮ್ಮ ಹೊರಗೆ ಓಡಿ ಅವಳಿಗೆ ಫೋನ್ ಮಾಡಿ ಎಲ್ಲ ಹೇಳಿದಳು.

“ವಾಸಿಯಾಗಿಲ್ಲಮ್ಮಾ! ರೆಪ್ಪೆ ಮುಚ್ಚಿರೋದಕ್ಕೆ ಒಂದೇ ಕಾಣ್ತಿರೋದು. ಶುಗರ್ರು, ಬಿಪಿಗೂ ಕಣ್ಣು ಹಿಂಗೆ ವಾಲ್ಬೋದು. ಆದ್ರೆ ತಲೆನೋವಿದ್ದು ಪಾಪೆನೂ ದೊಡ್ಡದಾಗಿದ್ರೆ, ಮೆದುಳಿನ ರಕ್ತನಾಳ ಊದ್ಕೊಂಡು ನರ ಒತ್ತಿರ್ಬೋದು. ಅದು ಒಡೆದ್ರೆ ಜೀವಕ್ಕೇ ಸಂಚಕಾರ. ಆಂಬುಲೆನ್ಸ್ ಕಳಿಸ್ತೀನಿ. ಮೊದ್ಲು ಎಬ್ಬಿಸಮ್ಮಾ!”

ಎಬ್ಬಿಸುವುದು ಹೇಳಿದಷ್ಟು ಸುಲಭವೇ? “ಇನ್ನು ಸಾವಿರ ಎಳೆ ಐತೆ, ಮುಗಿಸಿ ಬರ್ತೀನಿ,” ಎಂದಳು ಅನುಸೂಯಮ್ಮ. “ಹಾಸು ಹಾಳಾಗ್ಲಿ, ಹೋಗಕ್ಕ,” ಎಂದು ಮುನಿರಾಜ ಕೈಮುಗಿದ. ಲಕ್ಕಮ್ಮ ಅತ್ತಳು, ಬೈದಳು, ರಟ್ಟೆ ಹಿಡಿದೆಳೆದಳು. ಅನುಸೂಯಮ್ಮ ಮಗ್ಗದ ಕಂಬ ಹಿಡಿದು ಕೂತಳು. ಹೊರಗೆ ಆಂಬುಲೆನ್ಸ್ ಕೂಗಿತು.

ಲಕ್ಕಮ್ಮ ಕತ್ತರಿ ತೆಗೆದುಕೊಂಡಳು. ಬೆಳಗಿನಿಂದ ಕೆಚ್ಚಿದ್ದ ಎಳೆಗಳನ್ನೆಲ್ಲ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಕಚಕಚನೆ ಕತ್ತರಿಸಿ ಹಾಕಿದಳು. ಒಂದು ಎಳೆ ಹರಿದರೂ ದೇವರಿಗೆ ತಪ್ಪು ಕಾಣಿಕೆ ಕಟ್ಟುವ ಕೈ ಅದು.

“ನೀನು ಕೂತ ಹಾಸೇ ಈಗ ಇಲ್ಲ, ಮುಗ್ಸಾಕೆ ಏನೂ ಉಳಿದಿಲ್ಲ. ಏಳು.”

ಅನುಸೂಯಮ್ಮ ಅವಳ ಕೆನ್ನೆಗೆ ಬಾರಿಸಿದಳು. ಆಮೇಲೆ ಎದ್ದಳು.

ಆಸ್ಪತ್ರೆಯ ಸ್ಕ್ಯಾನಿನಲ್ಲಿ ಊದಿದ ರಕ್ತನಾಳ ಕಂಡಿತು, ಒಡೆದಿರಲಿಲ್ಲ. ಅದೇ ಸಂಜೆ ಆಪರೇಷನ್ ಆಯಿತು.

ನಾಲ್ಕನೆಯ ದಿನ ಲಕ್ಕಮ್ಮ ವಾರ್ಡಿನ ಬಾಗಿಲಲ್ಲೇ ನಿಂತಳು. ಒಳಗೆ ಹೋಗಲು ಧೈರ್ಯ ಬರಲಿಲ್ಲ.

“ನೀನು ಕತ್ತರಿಸಿದ್ದು ಎಷ್ಟು ಎಳೆ?” ಹಾಸಿಗೆಯಿಂದ ಸಣ್ಣ ದನಿ ಕೇಳಿತು.

“ಅಷ್ಟೂನೂ.”

“ಸಾಯೋ ತನಕ ನಿನ್ ಮೇಲೆ ಕೋಪ ಹೋಗಲ್ಲ ಕಣೇ.”

“ಹೋಗೋದು ಬೇಡ,” ಎಂದಳು ಲಕ್ಕಮ್ಮ, ಸೆರಗು ಬಾಯಿಗೊತ್ತಿ ಬಿಕ್ಕುತ್ತ. “ನೂರು ವರ್ಷ ಕೋಪ ಮಾಡ್ಕೊಂಡೇ ಇರು.”